ಹೈಸ್ಕೂಲಿನ ಗೇಟಿನಲ್ಲಿ ಕಾದಿದ್ದ ದೊಡ್ಡವ್ವ

ಹೋದ ತಿಂಗಳು ಲಿಂಗಸುಗೂರಿನ ನಮ್ಮ ದವಾಖಾನೆಯಲ್ಲಿ ಬಾಣಂತಿಯೊಬ್ಬಳ ತಾಯಿ ಸೆರಗಿನ ಗಂಟು ಬಿಚ್ಚಿ, ನನ್ನ ಮೇಜಿನ ಮೇಲೆ ಒಂದು ಬೊಗಸೆ ಬಾರಿಹಣ್ಣು ಸುರಿದಳು. "ತಿನ್ರಿ ಸಿಸ್ಟರ್, ನಮ್ಮ ಹೊಲದಾಗಿನ್ವು" ಅಂದಳು. ಸಣ್ಣ ಹಣ್ಣು, ಅರ್ಧ ಒಣಗಿ ಸುಕ್ಕಾಗಿದ್ದವು. ಫಿನಾಯಿಲ್ ವಾಸನೆಯ ನಡುವೆ ಆ ಹುಳಿಸಿಹಿ ವಾಸನೆ ಎದ್ದದ್ದೇ ತಡ, ನನಗೆ ಸಿಂಧನೂರಿನ ಹೈಸ್ಕೂಲಿನ ಗೇಟು ಕಂಡಿತು. ಅಲ್ಲಿ ಬೇವಿನ ನೆರಳಿನಲ್ಲಿ, ಹಣ್ಣಿನ ಬುಟ್ಟಿಯ ಹಿಂದೆ ದೊಡ್ಡವ್ವ ಕೂತಿದ್ದಳು...

ದೊಡ್ಡವ್ವ ನಮಗೆ ಬಳಗದವಳಲ್ಲ. ಗೊರೇಬಾಳದಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯವಳು. ಗಂಡ ತೀರಿ ಬಹಳ ವರ್ಷವಾಗಿತ್ತು. ಕಾಲುವೆ ನೀರಿನ ಗದ್ದೆಗಳಲ್ಲಿ ಸಸಿ ಹಚ್ಚುವುದು, ಕಳೆ ಕೀಳುವುದು ಅವಳ ದುಡಿಮೆ.

ಎಂಬತ್ತರ ದಶಕದ ನಡುವಿನ ಮಾತು. ನಮ್ಮೂರಿನಲ್ಲಿ ಏಳನೇ ಇಯತ್ತೆಯವರೆಗೆ ಮಾತ್ರ ಶಾಲೆ ಇತ್ತು. ಮುಂದೆ ಓದಬೇಕೆಂದರೆ ಸಿಂಧನೂರಿಗೆ ಹೋಗಬೇಕು. ಗಂಡುಹುಡುಗರು ನಡೆದೋ ಲಾರಿ ಹತ್ತಿಯೋ ಹೋಗುತ್ತಿದ್ದರು. ಆಂಧ್ರದಿಂದ ಬಂದು ಗದ್ದೆ ಮಾಡಿದ್ದ ಕ್ಯಾಂಪಿನವರ ಹೆಣ್ಣುಮಕ್ಕಳು ಸೈಕಲ್ ಮೇಲೆ ಹೋಗುವುದನ್ನು ನಾವು ಬಾಯಿ ತೆರೆದು ನೋಡುತ್ತಿದ್ದೆವು. ನಮ್ಮ ಓಣಿಯಲ್ಲಿ ಏಳನೇ ಇಯತ್ತೆ ಮುಗಿಸಿದ ಹುಡುಗಿ ಅವ್ವನ ಹಿಂದೆ ಕೂಲಿಗೆ ಹೋಗಬೇಕು, ಅಷ್ಟೇ. ಆ ವರ್ಷ ನಾವು ಐದು ಹುಡುಗಿಯರು ಪಾಸಾಗಿದ್ದೆವು. ನಮ್ಮಪ್ಪ ಮಂದಿಯ ಕುರಿ ಕಾಯುತ್ತಿದ್ದ. ಉಳಿದವರ ಮನೆಯಲ್ಲೂ ಕೂಲಿಯೇ. ಹೆಡ್‌ಮಾಸ್ತರರು ಮನೆಮನೆಗೆ ಬಂದು ಹೇಳಿದರು. ಎಲ್ಲರದೂ ಒಂದೇ ಉತ್ತರ: "ಹರೇದ ಹುಡುಗ್ಯಾರು ರೀ. ದಾರ್ಯಾಗ ಏನರ ಆದ್ರ ಯಾರು ಹೊಣೆ?"

ಒಂದು ಸಂಜೆ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಗಂಡಸರೆಲ್ಲ ಕೂತಿದ್ದಾಗ ದೊಡ್ಡವ್ವ ಅವರೆದುರು ಹೋಗಿ ನಿಂತಳು. "ನಾ ಹೊಣೆ. ದಿನಾ ನಾನೇ ಕರ್ಕೊಂಡು ಹೋಗ್ತೀನಿ, ನಾನೇ ಕರ್ಕೊಂಡು ಬರ್ತೀನಿ" ಅಂದಳು.

ಯಾರೋ ನಕ್ಕರು. "ನಿನಗ್ಯಾಕ ಬೇ ಈ ಉಸಾಬರಿ? ನಿನ್ನ ಹೊಟ್ಟ್ಯಾಗ ಹುಟ್ಟಿದ್ವೇನು?"

ದೊಡ್ಡವ್ವ ಅವನ ಕಡೆ ತಿರುಗಿದಳು. "ನನ್ನ ಹೊಟ್ಟ್ಯಾಗ ಹುಟ್ಟಿದಾಕಿ ಮಸ್ಕ್ಯಾಗ ಹೆರಿಗಿ ಬ್ಯಾನಿ ತಿನ್ನಾಕತ್ತಾಳ ಅಂತ ಸುದ್ದಿ ಬಂದಾಗ, ನಾ ಬೋರ್ಡು ಓದಾಕ ಬರಲ್ದ ಮಾನ್ವಿ ಬಸ್ಸು ಹತ್ತಿದ್ದೆ. ಅರ್ಧ ದಾರ್ಯಾಗ ಇಳಿಸಿದ್ರು. ನಾ ತಿರುಗಿ ಮಸ್ಕಿ ಮುಟ್ಟೋದ್ರಾಗ ಮಣ್ಣು ಮುಗದಿತ್ತು."

ಆಮೇಲೆ ಯಾರೂ ನಗಲಿಲ್ಲ.

ಎರಡೂವರೆ ವರ್ಷ ಅವಳು ನಮ್ಮ ಹಿಂದೆ ನಡೆದಳು. ನಾವು ಮುಂದೆ, ಅವಳು ಹಿಂದೆ. ತಲೆಯ ಮೇಲೆ ಬುಟ್ಟಿ, ಕೈಯಲ್ಲಿ ಜಾಲಿ ಬಡಿಗೆ. ಪೋಲಿ ಹುಡುಗರು ಸೀಟಿ ಊದಿದರೆ ಬಡಿಗೆ ನೆಲಕ್ಕೆ ಕುಟ್ಟಿ, "ಯಾರ್ಲೇ ಅವ? ನಿಮ್ಮವ್ವಗ ಹೇಳ್ಲೇನು?" ಅನ್ನುತ್ತಿದ್ದಳು. ನಾವು ಒಳಗೆ ಕೂತು ಪಾಠ ಕೇಳುವಾಗ ಗೇಟಿನಲ್ಲಿ ಬಾರಿಹಣ್ಣು, ಶೇಂಗಾ ಮಾರುವಳು. ಬಿಟ್ಟ ಕೂಲಿಗೆ ಅದೇ ಆಸರೆ. ತಿರುಗಿ ಬರುವಾಗ, "ಇವತ್ತೇನು ಕಲಿಸ್ಯಾರ, ಹೇಳ್ರಿ" ಅಂತ ಒಬ್ಬೊಬ್ಬರನ್ನೂ ಕೇಳುವಳು. ತಿಳಿಯುತ್ತಿತ್ತೋ ಇಲ್ಲವೋ, ಹೂಂಗುಟ್ಟುತ್ತ ನಡೆಯುವಳು.

ನಮ್ಮ ಐವರಲ್ಲಿ ಹಿರಿಯಾಕಿ ಒಬ್ಬಳಿದ್ದಳು. ಲೆಕ್ಕದಲ್ಲಿ ಬಹಳ ಚುರುಕು. ಹತ್ತನೇ ಇಯತ್ತೆಯ ಚಳಿಗಾಲದಲ್ಲಿ ಅವಳನ್ನು ಸೋದರಮಾವನಿಗೆ ಕೊಡುವುದೆಂದು ಮನೆಯಲ್ಲಿ ಗಟ್ಟಿ ಮಾಡಿದರು. ಹೆಂಡತಿ ಸತ್ತವನು, ಅವಳ ಅಪ್ಪನ ಓರಗೆಯವನು. ಹಿರಿಯಾಕಿ ದಾರಿಯುದ್ದಕ್ಕೂ ಅಳುತ್ತ ನಡೆಯತೊಡಗಿದಳು. ದೊಡ್ಡವ್ವ ಅವಳ ತಾಯಿಯ ಹತ್ತಿರ ಹೋಗಿ, "ಪರೀಕ್ಷಿ ಮುಗಿಯೋತನಕರ ತಡೀರಿ ತಂಗಿ" ಎಂದು ಬೇಡಿಕೊಂಡಳು. "ಸಾಲಿಗೆ ಕರ್ಕೊಂಡು ಹೋಗೋದು ನಿನ್ನ ಕೆಲಸ. ಮದುವಿ ಮಾತು ನಿನಗ ಬ್ಯಾಡ" ಎಂದು ಆಕೆ ಬಾಗಿಲು ಹಾಕಿಕೊಂಡಳು.

ಅದಾಗಿ ಕೆಲವೇ ದಿನ. ಸಂಜೆ ಗಂಟೆ ಹೊಡೆಯಿತು. ಗೇಟಿಗೆ ಬಂದದ್ದು ನಾವು ನಾಲ್ವರೇ. ಮಧ್ಯಾಹ್ನ ಊಟದ ಹೊತ್ತಿಗೆ ಹಿರಿಯಾಕಿ ಹಿಂದಿನ ಗೋಡೆ ಹಾರಿ ಹೋಗಿದ್ದಳು... ದೊಡ್ಡವ್ವ ನಮ್ಮನ್ನು ಜವಾನನ ಹೆಂಡತಿಯ ಹತ್ತಿರ ಕೂಡಿಸಿ ಹುಡುಕಲು ಹೋದಳು. ಬಸ್‌ಸ್ಟ್ಯಾಂಡು, ಟಾಕೀಸು, ಸಂತೆಯ ಬಯಲು. ಬಹಳ ಹೊತ್ತಿನ ಮೇಲೆ ತಿರುಗಿ ಬಂದಾಗ ಅವಳ ಸೀರೆ ಮೊಣಕಾಲತನಕ ತೊಯ್ದಿತ್ತು. ಕಾಲುವೆಗೂ ಇಳಿದು ನೋಡಿದ್ದಳು.

ಮರುದಿನ ಸುದ್ದಿ ಬಂತು: ಹಿರಿಯಾಕಿ ಟೇಲರ್ ಹುಡುಗನೊಬ್ಬನ ಜೊತೆ ಹೋಗಿದ್ದಳು. ಗುಡಿಕಟ್ಟೆಯಲ್ಲಿ ಮತ್ತೆ ಮಂದಿ ಸೇರಿತು. "ಹೊಣೆ ಅಂದಿದ್ದೆಲ್ಲ, ಎಲ್ಲದಾಳ ನನ್ನ ಮಗಳು?" ಎಂದು ಅವಳಪ್ಪ ಕೂಗಿದ. ಮದುವೆ ಗಟ್ಟಿ ಮಾಡಿದ ಸಂಗತಿಯನ್ನು ದೊಡ್ಡವ್ವ ಅಲ್ಲಿ ಎತ್ತಬಹುದಿತ್ತು. ಹುಡುಗಿ ದಿನಾ ಅಳುತ್ತಿದ್ದದ್ದನ್ನು ಹೇಳಬಹುದಿತ್ತು. ಎತ್ತಲಿಲ್ಲ. "ತಪ್ಪು ನಂದು. ಹುಡುಗಿಗೆ ಏನೂ ಅನಬ್ಯಾಡ್ರಿ" ಎಂದಷ್ಟೇ ಅಂದು ತಲೆ ತಗ್ಗಿಸಿ ನಿಂತಳು. ಹಿರಿಯಾಕಿಯ ತಾಯಿ ಬಂದು ಅವಳ ಕಾಲ ಬಳಿಯಿದ್ದ ಹಣ್ಣಿನ ಬುಟ್ಟಿಯನ್ನು ಒದ್ದಳು. ಹಣ್ಣು ಬೀದಿ ತುಂಬ ಉರುಳಿದವು. ಆರಿಸಿಕೊಡಲು ಯಾರೂ ಬಗ್ಗಲಿಲ್ಲ.

ಆವತ್ತಿನಿಂದ ನಾವು ಯಾರೂ ಶಾಲೆಗೆ ಹೋಗಲಿಲ್ಲ.

ಆರೇಳು ದಿನ ಕಳೆದ ಮೇಲೆ ದೊಡ್ಡವ್ವ ನಮ್ಮ ಬಾಗಿಲಿಗೆ ಬಂದಳು. ಅವ್ವ ಒಳಗೆ ಕರೆದರೂ ಹೊಸ್ತಿಲು ದಾಟಲಿಲ್ಲ. ಅಪ್ಪನಿಗೆ ಹೇಳಿದಳು: "ತಮ್ಮಾ, ನನ್ನ ಕೂಡ ಕಳಿಸಬ್ಯಾಡ. ಸಿಂಧನೂರಾಗ ಹುಡುಗ್ಯಾರ ಹಾಸ್ಟೆಲ್ ಐತಿ, ಹೆಡ್‌ಮಾಸ್ತರ್ ಹೇಳ್ಯಾರ. ಅಲ್ಲಿ ಬಿಡು. ನಾ ಆ ಕಡಿ ಹಾಯೂದಿಲ್ಲ, ನಿನ್ನ ಮಗಳಿಗೆ ನನ್ನ ಹೆಸರು ಹತ್ತೂದಿಲ್ಲ."

ಅಪ್ಪ ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿದ. ಆಮೇಲೆ, "ಆಗ್ಲಿ ಬೇ ಯಕ್ಕಾ" ಅಂದ.

ಉಳಿದ ಮೂವರ ಮನೆಗೂ ಅವಳು ಹೋಗಿದ್ದಳಂತೆ. ಅಲ್ಲಿ ಬಾಗಿಲು ತೆರೆಯಲಿಲ್ಲ. ಆ ಮೂವರೂ ಮುಂದಿನ ಮಳೆಗಾಲಕ್ಕೆ ಸಸಿ ಹಚ್ಚುವ ಸಾಲಿನಲ್ಲಿ ನಿಂತರು. ಮುಂದೆ ಮದುವೆಯಾಗಿ ಹೋದರು. ಅವರಲ್ಲಿ ಒಬ್ಬಳು ಈಗಲೂ ಸೊಸೆಯನ್ನೋ ಮೊಮ್ಮಗನನ್ನೋ ಕರಕೊಂಡು ನನ್ನ ವಾರ್ಡಿಗೆ ಬರುತ್ತಾಳೆ. ನನ್ನ ಕೈ ಹಿಡಿದು, "ನೀ ಪಾರಾದಿ ನೋಡ" ಅನ್ನುತ್ತಾಳೆ. ಹೊಟ್ಟೆಕಿಚ್ಚಿಲ್ಲ ಅವಳಿಗೆ. ಅದಕ್ಕೇ ನನಗೆ ಇನ್ನೂ ಸಂಕಟ.

ದೊಡ್ಡವ್ವ ಮಾತು ಉಳಿಸಿಕೊಂಡಳು. ನಾನು ಹಾಸ್ಟೆಲಿನಲ್ಲಿದ್ದಷ್ಟು ದಿನ ಒಮ್ಮೆಯೂ ಗೇಟಿನ ಕಡೆ ಬರಲಿಲ್ಲ. ದಿನಾ ನಾನು ಬೇವಿನ ಬುಡ ನೋಡುತ್ತಿದ್ದೆ. ಹತ್ತನೆಯದು ಪಾಸಾದೆ, ಮುಂದೆ ಓದಿದೆ, ತೊಂಬತ್ತರ ದಶಕ ಶುರುವಾದಾಗ ರಾಯಚೂರಿನಲ್ಲಿ ನರ್ಸಿಂಗ್ ಟ್ರೇನಿಂಗ್‌ಗೆ ಸೇರಿದೆ. ಮೊದಲ ವರ್ಷದ ಪರೀಕ್ಷೆ ಮುಗಿಸಿ ಊರಿಗೆ ಹೋದರೆ ದೊಡ್ಡವ್ವನ ಮನೆಗೆ ಬೀಗ ಬಿದ್ದಿತ್ತು. ಜ್ವರ ಬಂದು ತೀರಿಹೋಗಿದ್ದಳು. ನನ್ನ ಓದು ಕೆಡುತ್ತದೆಂದು ಅವ್ವ ಸುದ್ದಿ ಮುಟ್ಟಿಸಿರಲಿಲ್ಲ. "ಸಾಯೂ ಮುಂದನೂ ಕೇಳಿದ್ಲು" ಅಂದಳು ಅವ್ವ. "'ಹುಡುಗಿ ಸಾಲಿ ಬಿಟ್ಟಿಲ್ಲಲ್ಲ?' ಅಂತ."

ನರ್ಸಿನ ಬಿಳಿ ಸೀರೆ ಉಟ್ಟು ಅವಳೆದುರು ಒಮ್ಮೆ ನಿಲ್ಲಬೇಕಿತ್ತು...

ಹೋದ ವಾರ ಮದುವೆಯೊಂದಕ್ಕೆ ಮಸ್ಕಿಗೆ ಹೋಗಿದ್ದೆ. ಬ್ಲೌಸಿನ ತೋಳು ಹರಿದಿತ್ತೆಂದು ಹತ್ತಿರದ ಟೇಲರ್ ಅಂಗಡಿಗೆ ಹೊಕ್ಕರೆ, ಮಷೀನಿನ ಮುಂದೆ ಕನ್ನಡಕ ಹಾಕಿಕೊಂಡ ಹೆಂಗಸು ತಲೆ ಎತ್ತಿ ನನ್ನನ್ನೇ ನೋಡಿದಳು. ಹಿರಿಯಾಕಿ! ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗಂಡ ಒಳ್ಳೆಯವನಂತೆ, ಇಬ್ಬರು ಹೆಣ್ಣುಮಕ್ಕಳನ್ನೂ ಓದಿಸಿದ್ದಾಳಂತೆ. ಗೊರೇಬಾಳಕ್ಕೆ ಮಾತ್ರ ಆಮೇಲೆ ಕಾಲಿಟ್ಟಿಲ್ಲ. ತೋಳು ಹೊಲಿಯುತ್ತ ಹೊಲಿಯುತ್ತ, ಮುಖ ಎತ್ತದೆ ಕೇಳಿದಳು: "ದೊಡ್ಡವ್ವ ನನ್ನ ಭಾಳ ಬೈದಿದ್ಲೇನು?"

"ಇಲ್ಲ" ಎಂದೆ. "ಒಂದ್ ಮಾತೂ ಅಂದಿಲ್ಲ. ತಪ್ಪು ನಂದು ಅಂದ್ಲು. ನಿನಗ ಏನೂ ಅನಬ್ಯಾಡ್ರಿ ಅಂದ್ಲು."

ಮಷೀನು ನಿಂತಿತು. ಅವಳು ಕನ್ನಡಕ ತೆಗೆದು ಬಹಳ ಹೊತ್ತು ಸೆರಗಿನಿಂದ ಒರೆಸುತ್ತಲೇ ಇದ್ದಳು.

"ಬೈದಿದ್ರ ಚೊಲೊ ಇತ್ತು" ಅಂದಳು.