ಇಳಿಜಾರಿನಲ್ಲೇ ನಿಲ್ಲುವ ಪಿಕಪ್

ನಮ್ಮ ಕಡೆ ಎಲ್ಲರೂ ಒಂದಿಷ್ಟು ಸಮತಟ್ಟಾದ ಜಾಗ ಸಿಕ್ಕಿದರೆ ಸಾಕು ಎನ್ನುತ್ತಾರೆ. ಎರಡು ತಿಂಗಳ ಕಾಲ ನಾನೊಬ್ಬ ಮಾತ್ರ ಇಳಿಜಾರು ಹುಡುಕಿಕೊಂಡು ಅಲೆದೆ. ನನ್ನ ಹಳೆಯ ಪಿಕಪ್‌ನ ಬ್ಯಾಟರಿ ಚಾರ್ಜ್ ಆಗುತ್ತಿರಲಿಲ್ಲ. ಕೀ ತಿರುಗಿಸಿದರೆ ಟಿಕ್ ಟಿಕ್ ಎನ್ನುವುದು ಬಿಟ್ಟರೆ ಬೇರೆ ಶಬ್ದವಿಲ್ಲ. ಇಳಿಜಾರಿನಲ್ಲಿ ನಿಲ್ಲಿಸಿದ್ದರೆ ಗಾಡಿಯನ್ನು ಹಾಗೇ ಜಾರಲು ಬಿಟ್ಟು, ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟು ಸ್ಟಾರ್ಟ್ ಮಾಡಬಹುದಿತ್ತು.

ಪುತ್ತೂರಿನಲ್ಲಿ ಚಿಂತೆಯಿಲ್ಲ, ಅಲ್ಲಿ ಬೇಡವೆಂದರೂ ಇಳಿಜಾರು ಸಿಗುತ್ತದೆ. ಆದರೂ ನಾನು ಕ್ಷೌರದಂಗಡಿ ಬದಲಿಸಿದೆ, ಹಳೆಯ ಅಂಗಡಿಯ ಮುಂದೆ ರಸ್ತೆ ಸಮತಟ್ಟಾಗಿತ್ತು. ಹೊಸಬರು ಕೂದಲು ಕತ್ತರಿಸಿದ ರೀತಿಗೆ ಮನೆಯಲ್ಲಿ ಒಂದು ವಾರ ನಗೆಯೋ ನಗೆ. ಆಲೆಟ್ಟಿಯ ನೆಂಟರ ಗೃಹಪ್ರವೇಶಕ್ಕೆ ಹೋದಾಗ ಅವರ ಅಂಗಳ ಕೇರಂ ಬೋರ್ಡಿನಂತೆ ಮಟ್ಟಸವಾಗಿತ್ತು. ಎಂಜಿನ್ ಚಾಲೂ ಇಟ್ಟೇ ಊಟಕ್ಕೆ ಕೂತೆ. ಪಾಯಸ ಬರುವಷ್ಟರಲ್ಲಿ ಮೂವರು ಬಂದು, "ಎಂತ ಅರ್ಜೆಂಟ್ ಮಾರಾಯ್ರೆ, ಮನೆಯಲ್ಲಿ ಎಲ್ಲ ಸೌಖ್ಯ ಉಂಟಲ್ಲ?" ಎಂದು ಮೆಲ್ಲಗೆ ಕೇಳಿ ಹೋದರು.

ಇಷ್ಟೆಲ್ಲ ಪಡಿಪಾಟಲು ಪಡುವ ಬದಲು ಕಡಬದಲ್ಲಿ ಗ್ಯಾರೇಜ್ ಇಟ್ಟಿರುವ ಎಲೆಕ್ಟ್ರಿಷಿಯನ್ ಬಳಿ ಹೋಗಬಹುದಿತ್ತಲ್ಲ ಎಂದು ಯಾರಾದರೂ ಕೇಳಿಯಾರು. ಹೋಗುವ ಮುಖ ಉಳಿಸಿಕೊಂಡಿರಲಿಲ್ಲ.

ಅವರು ನನಗೆ ಇಪ್ಪತ್ತು ವರ್ಷದ ಸ್ನೇಹಿತರು. ಈ ಪಿಕಪ್ಪನ್ನು ನನಗೆ ನೋಡಿ ಕೊಡಿಸಿದವರೇ ಅವರು. ಚಾರ್ಜ್ ತೊಂದರೆ ಶುರುವಾದಾಗ ಮೊದಲು ಓಡಿದ್ದೂ ಅವರಲ್ಲಿಗೇ. ಬ್ಯಾಟರಿ ಹೋಗಿದೆ ಎಂದು ನಾನೇ ಹೇಳಿದೆ, ಹೊಸತು ಹಾಕಿದರು. ನಾಲ್ಕು ದಿನ ಸರಿಯಿದ್ದು ಮತ್ತೆ ಮಲಗಿತು. ಬ್ಯಾಟರಿ ಚಾರ್ಜ್ ಮಾಡುವ ಡೈನಮೋ ಹೋಗಿದೆ ಎಂದೆ. "ಹೋದ ಹಾಗೆ ಕಾಣುದಿಲ್ಲ" ಎನ್ನುತ್ತಲೇ, ನನ್ನ ಹಟಕ್ಕೆ ಅದನ್ನೂ ಬದಲಿಸಿದರು. ಮತ್ತೆ ಅದೇ ಕತೆ. ಆಗ ಅವರು, "ಅರ್ತ್ ವಯರ್ ಒಮ್ಮೆ ನೋಡ್ಬೇಕು, ಒಂದು ದಿನ ಗಾಡಿ ಬಿಟ್ಟು ಹೋಗಿ" ಎಂದರು.

ನನಗೆ ಅದೇ ಚುಚ್ಚಿದ್ದು. ಮಳೆಗಾಲಕ್ಕೆ ಮೊದಲು ತುಕ್ಕು ಹಿಡಿಯಬಾರದೆಂದು ಪಿಕಪ್‌ನ ಅಡಿಭಾಗಕ್ಕೆಲ್ಲ ನಾನೇ ಕಪ್ಪು ಬಣ್ಣ ಬಳಿದಿದ್ದೆ. ಎರಡು ದಿನ ಅಂಗಾತ ಮಲಗಿ ಮಾಡಿದ ಕೆಲಸ. ಕರೆಂಟು ಬ್ಯಾಟರಿಗೆ ಮರಳಲೆಂದು ಎಂಜಿನ್ನಿನಿಂದ ಗಾಡಿಯ ಚೌಕಟ್ಟಿಗೆ ಬರುವ ಅರ್ತ್ ವಯರನ್ನು ಬಿಚ್ಚಿ, ಅದರ ಬುಡಕ್ಕೂ ಎರಡೆರಡು ಕೋಟ್ ಹೊಡೆದು ಮತ್ತೆ ಬಿಗಿದಿದ್ದೆ. ಬಂದವರಿಗೆಲ್ಲ ಬಗ್ಗಿ ನೋಡಿ ಎಂದು ತೋರಿಸಿದ್ದೆ. ಅಂಥ ನನ್ನ ಕೆಲಸದಲ್ಲಿ ದೋಷವೇ? ಬೆಂಚಿನಲ್ಲಿ ಕೂತಿದ್ದ ನಾಲ್ಕು ಜನರ ಎದುರು, "ಹಳೇ ಡೈನಮೋಕ್ಕೆ ಬಣ್ಣ ಬಳಿದು ಹೊಸತು ಅಂತ ಹಾಕಿದ್ದಲ್ವಾ ನೀನು?" ಎಂದುಬಿಟ್ಟೆ.

ಇಪ್ಪತ್ತು ವರ್ಷ ನಮ್ಮಿಬ್ಬರ ನಡುವೆ ಇದ್ದದ್ದು "ನೀವು". ಅವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, "ಬೇರೆ ಕಡೆ ತೋರಿಸಿ ಮಾರಾಯ್ರೆ" ಎಂದರು. ಆಮೇಲೆ ನಾನು ಅವರ ಗ್ಯಾರೇಜಿನ ಮುಂದಿನ ರಸ್ತೆಯನ್ನೇ ಬಿಟ್ಟೆ.

ಈ ನಡುವೆ ಹೊಸದೊಂದು ಕಾಯಿಲೆ ಸೇರಿಕೊಂಡಿತು. ಆಕ್ಸಿಲರೇಟರ್ ಕೇಬಲ್ ಬಿಸಿಯಾಗಿ ಹಿಡಿದುಕೊಳ್ಳುತ್ತಿತ್ತು, ಕಾಲು ತೆಗೆದರೂ ಎಂಜಿನ್ ಅರಚುತ್ತಿತ್ತು. ಮಹಾ ತಜ್ಞನಂತೆ ಡೀಸೆಲ್ ಫಿಲ್ಟರ್ ಬದಲಿಸಿದೆ. ಅರಚಾಟ ನಿಲ್ಲಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ, ಸಕಲೇಶಪುರದ ಅಕ್ಕನ ಮನೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹೆಂಡತಿಯನ್ನು ಕರೆತರಲು ಗುಂಡ್ಯಕ್ಕೆ ಹೋದೆ. ಎಂಜಿನ್ ಚಾಲೂ ಇಟ್ಟೇ ಕಾದೆ. ಅವಳು ಬಸ್ಸಿಳಿದಳು. ಎಂಟು ದಿನದ ಮೇಲೆ ಕಂಡ ಸಂಭ್ರಮದಲ್ಲಿ ಎಂಜಿನ್ ಬಂದ್ ಮಾಡಿ ಇಳಿದುಬಿಟ್ಟೆ. ನಿಂತದ್ದು ಅಪ್ಪಟ ಸಮತಟ್ಟು.

ಪಕ್ಕದಲ್ಲಿ ಚಾ ಕುಡಿಯುತ್ತಿದ್ದ ಘಟ್ಟದ ಮೇಲಿನ ಲಾರಿ ಡ್ರೈವರ್ ಒಬ್ಬರು ತಮ್ಮ ಬ್ಯಾಟರಿಯಿಂದ ನನ್ನ ಬ್ಯಾಟರಿಗೆ ಎರಡು ವಯರ್ ಎಳೆದರು. ಆಗಲೂ ಟಿಕ್ ಟಿಕ್. ಕಪ್ಪು ವಯರನ್ನು ನನ್ನ ಬ್ಯಾಟರಿಯಿಂದ ತೆಗೆದು ನೇರ ಎಂಜಿನ್ನಿಗೇ ಕಚ್ಚಿಸಿದರು. ಒಂದೇ ಏಟಿಗೆ ಸ್ಟಾರ್ಟ್! ಅವರು ಬಗ್ಗಿ ನೋಡಿ ನಗತೊಡಗಿದರು.

"ಸಾರ್, ಎಂಜಿನ್‌ಗೆ ಅರ್ತೇ ಸಿಗ್ತಿಲ್ಲ. ವಯರ್ ಕೆಳಗೆಲ್ಲ ಬಣ್ಣ. ಕರೆಂಟು ದಾರಿ ಕಾಣದೆ ಆಕ್ಸಿಲರೇಟರ್ ಕೇಬಲಲ್ಲಿ ಓಡಾಡ್ತಿದೆ. ಯಾವ ಬುದ್ಧಿವಂತ ಬಳಿದಿದ್ದು ಇದನ್ನ?"

"ಕಡಬದಲ್ಲಿ ಒಬ್ಬ ಎಲೆಕ್ಟ್ರಿಷಿಯನ್" ಎಂದೆ. ನಾಲಿಗೆ ತಡವರಿಸಲೂ ಇಲ್ಲ.

"ಅಂಥವನ ಹತ್ರ ಇನ್ನೊಂದ್ಸಲ ಹೋಗ್ಬೇಡಿ ಸಾರ್" ಎಂದು ಅವರು ಎಂಜಿನ್ ಬಂದ್ ಮಾಡಿಸಿ, ಬಣ್ಣ ಕೆರೆದು, ಬೋಲ್ಟ್ ಬಿಗಿದು, ಮತ್ತೊಮ್ಮೆ ಸ್ಟಾರ್ಟ್ ಮಾಡಿಸಿ ಹೊರಟರು.

ಎರಡು ಕಿಲೋಮೀಟರ್ ಬಂದಿದ್ದೆವು. ಹೆಂಡತಿ ರಸ್ತೆ ನೋಡುತ್ತಲೇ, "ಬಣ್ಣದ ಡಬ್ಬ ಹಿಡ್ಕೊಂಡು ಕೂತದ್ದು ನಾನಲ್ವಾ?" ಎಂದಳು. ಮುಂದಿನ ತಿರುವಿನಲ್ಲಿ, "ಕಡಬದಲ್ಲಿ ನಿಲ್ಲಿಸಿ" ಎಂದಳು. ಒಬ್ಬ ಮನುಷ್ಯನ ಹೆಸರನ್ನು ನಾನು ಎರಡನೇ ಸಲ ಕೆಡಿಸಿದ್ದೆ, ಅದೂ ಗುರುತಿಲ್ಲದವರ ಎದುರು.

ಗ್ಯಾರೇಜಿನಲ್ಲಿ ಅವರಿದ್ದರು. ಬೆಂಚಿನಲ್ಲಿ ಅವತ್ತಿನ ನಾಲ್ವರಲ್ಲಿ ಇಬ್ಬರೂ ಇದ್ದರು. ಎಂಜಿನ್ ಚಾಲೂ ಇಟ್ಟು ಇಳಿದೆ, ಅಭ್ಯಾಸಬಲ.

"ಅರ್ತಿನದ್ದೇ ತೊಂದರೆ ಇದ್ದದ್ದು. ವಯರಿನ ಬುಡದಲ್ಲಿ ಸ್ವಲ್ಪ ಬಣ್ಣ ಬಿದ್ದಿತ್ತು" ಎಂದೆ.

"ಬಿದ್ದಿತ್ತಾ?" ಎಂದರು ಅವರು.

ಗಾಡಿಯೊಳಗಿಂದ ಹೆಂಡತಿ ಕೆಮ್ಮಿದಳು.

"ಬಿದ್ದದ್ದಲ್ಲ. ನಾನು ಬಳಿದದ್ದು. ಎರಡು ಕೋಟ್. ನೀವು ಅವತ್ತೇ ಹೇಳಿದ್ರಿ, ನಾನು ಕೇಳ್ಲಿಲ್ಲ. ನಿಮಗೆ ಅಂದದ್ದು ತಪ್ಪು." ಬೆಂಚಿನವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ. ಇವತ್ತು ಗುಂಡ್ಯದಲ್ಲಿ ಅಂದದ್ದನ್ನೂ ಹೇಳಿದೆ.

ಅವರು ಬಾನೆಟ್ ಎತ್ತಿ, ಲಾರಿ ಡ್ರೈವರ್ ಕೆರೆದ ಜಾಗವನ್ನು ಟಾರ್ಚ್ ಬಿಟ್ಟು ನೋಡಿದರು. ಬೋಲ್ಟನ್ನು ಇನ್ನೂ ಅರ್ಧ ಸುತ್ತು ಬಿಗಿದು, ಮೇಲೆ ಗ್ರೀಸ್ ಸವರಿದರು. ಕೈ ಒರೆಸಿಕೊಳ್ಳುತ್ತ ನನ್ನ ಮುಖ ನೋಡಿದರು.

"ಪೈಂಟ್ ಮಾತ್ರ ಭಾರೀ ಲಾಯ್ಕ ಬಳಿದಿದ್ದಿ ಮಾರಾಯ. ಒಂದು ಚೂರು ಕರೆಂಟ್ ದಾಟುದಿಲ್ಲ."

ಬೆಂಚಿನ ಇಬ್ಬರೂ ಗೊಳ್ಳೆಂದು ನಕ್ಕರು, ಅವರೂ ನಕ್ಕರು. ನಾನು ಸಿಟ್ಟಿನಲ್ಲಿ ಎಸೆದು ಹೋಗಿದ್ದ "ನೀನು" ಎರಡು ತಿಂಗಳ ಮೇಲೆ ನಗೆಯ ಜೊತೆ ವಾಪಸು ಬಂದಿತ್ತು.

"ಒಳಗೆ ಬಾ, ಚಾ ಹೇಳುವ" ಎಂದರು. "ಆ ಎಂಜಿನ್ ಮೊದಲು ಬಂದ್ ಮಾಡು."

ಸಮತಟ್ಟಿನಲ್ಲಿ ನಿಂತಿದ್ದ ಗಾಡಿಯ ಕೀ ತಿರುಗಿಸಿ, ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋದೆ.