ಮೇಸ್ತ್ರಿಯ ಸಡಿಲ ಗೇರ್

ಸ್ಟಿಯರಿಂಗ್ ಪಕ್ಕದಲ್ಲೇ ಗೇರ್ ಇರುವ ಹಳೆಯ ಗಾಡಿ ನಿಮ್ಮದಾಗಿದ್ದು, ಅದರ ಗೇರ್ ರಾಡ್ ಸಡಿಲವಾಗಿ ಲೊಡಲೊಡ ಅನ್ನುತ್ತಿದ್ದರೆ ನಮ್ಮ ಬೀದಿಯ ಗ್ಯಾರೇಜ್ ಮೇಸ್ತ್ರಿಯ ಹತ್ತಿರ ಬನ್ನಿ. ಬೈಸಿಕೊಳ್ಳಲು ಸಿದ್ಧರಾಗಿಯೇ ಬನ್ನಿ. ಅವರು ಮೊದಲು ನಿಮ್ಮನ್ನು ಕೆಳಗಿಳಿಸುತ್ತಾರೆ. ಆಮೇಲೆ ತಾವು ಒಳಗೆ ಕೂತು, ಕಣ್ಣು ಮುಚ್ಚಿ, ನಾಡಿ ಹಿಡಿದ ವೈದ್ಯರಂತೆ ರಾಡನ್ನು ಎರಡು ಬೆರಳಲ್ಲಿ ಅಲುಗಿಸಿ, "ಬುಷ್ ಸವೆದು ಹೋಗಿದೆ. ನೀವೇನು ಗೇರ್ ಹಾಕ್ತೀರೋ, ಒನಕೆ ಕುಟ್ತೀರೋ?" ಎಂದು ಗದರುತ್ತಾರೆ. ರಾಡಿನ ಬುಡಕ್ಕೆ ಬಳೆಯಂಥ ಹೊಸ ಬುಷ್ ಕೂರಿಸಿ, ಗ್ರೀಸ್ ಸವರಿ, ಬೋಲ್ಟ್ ಬಿಗಿದರೆಂದರೆ ಗೇರ್ ಬೀಳುವುದು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು. ಇಂಥವರ ಸ್ವಂತ ವ್ಯಾನಿನ ರಾಡ್ ಮಾತ್ರ ಮಗುವಿನ ಬೀಳುವ ಹಲ್ಲಿನ ಹಾಗೆ ಅಲ್ಲಾಡುತ್ತಲೇ ಇತ್ತು. ಕೇಳಿದರೆ, "ಇದರ ಎರಡನೇ ಗೇರ್ ಎಲ್ಲಿದೆ ಅಂತ ನನ್ನ ಕೈಗೆ ಗೊತ್ತು. ಕದಿಯೋಕೆ ಬಂದ ಕಳ್ಳ ಒಂದನೇ ಗೇರಲ್ಲೇ ಸಾಯ್ಬೇಕು!" ಎಂದು ಮೀಸೆ ತಿರುವುತ್ತಿದ್ದರು. ಅವರ ಮಗಳು ಗಾಡಿ ಕಲಿತದ್ದೂ ಅದರಲ್ಲೇ. ಮೊನ್ನೆ ಅವಳು ಸಾಮಾನು ಸಾಗಿಸುವ ಕೆಲಸಕ್ಕೆ ಅದೇ ವ್ಯಾನಿನಲ್ಲಿ ಮೊದಲ ಸಲ ಒಬ್ಬಳೇ ಹೊರಟಳು. ಮಗಳಿಗೆ ಕಷ್ಟವಾಗಬಾರದೆಂದು ಅಪ್ಪ ಯಾರಿಗೂ ಹೇಳದೆ ಹಿಂದಿನ ಸಂಜೆಯೇ ಬುಷ್ ಬದಲಿಸಿದ್ದರು. ವ್ಯಾನು ಗುರುಗುಟ್ಟುತ್ತಾ ಬೀದಿಯ ಮೂಲೆಯವರೆಗೆ ಹೋಗಿ ನಿಂತುಬಿಟ್ಟಿತು. ಅವಳು ಕಿಟಕಿಯಿಂದ ತಲೆ ಹೊರಹಾಕಿ, "ಅಪ್ಪಾ, ಎರಡನೇ ಗೇರ್ ಎಲ್ಲಿಟ್ಟೆ?" ಎಂದು ಕೂಗಿದಳು. ಮೇಸ್ತ್ರಿಯ ಎದೆ ಒಂದು ಗೇಣು ಉಬ್ಬಿತು. "ಕೇಳಿದ್ರಾ? ಅವಳಿಗೂ ನನ್ನ ಕೈಯೇ ಬಂದಿದೆ!" ಎಂದು ಇಡೀ ಬೀದಿಗೆ ಸಾರುತ್ತಾ, ಜೇಬಿನಲ್ಲಿ ಜೋಪಾನವಾಗಿಟ್ಟಿದ್ದ ಹಳೆಯ ಬುಷ್ ಹಿಡಿದು ವ್ಯಾನಿನತ್ತ ಓಡಿದರು.