ಆಫರ್ ಬೇಡ, ನನ್ನ ಕಥೆ ಕೊಡಿ

ಶುಕ್ರವಾರ ಊಟ ಮುಗಿಸಿ ಫೋನ್ ತೆಗೆದರೆ ನನ್ನ ಕಥೆಗಳ ಸೈಟ್ ಇರಲಿಲ್ಲ.

ಬಿಳಿ ಪುಟ. ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು. ಎಷ್ಟು ಸಲ ತೆರೆದರೂ ಅದೇ...

ನಾನು ಎರ್ನಾಕುಲಂನ ಒಂದು ಹೊಲಿಗೆ ಅಂಗಡಿಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ಊರು ಕಾಸರಗೋಡಿನ ಕಡೆ, ಓದಿದ್ದು ಐದನೆಯ ಕ್ಲಾಸಿನವರೆಗೆ.

ಮಧ್ಯಾಹ್ನದ ಬಿಡುವಿನಲ್ಲಿ ಫೋನಿನಲ್ಲೇ ಕಥೆ ಬರೆಯುತ್ತೇನೆ, ನೇರವಾಗಿ ಸೈಟಿನ ಒಳಗೆ. ಇನ್ನೊಂದು ಕಡೆಯೂ ಇಡಬೇಕೆಂದು ನನಗೆ ಹೊಳೆದಿರಲಿಲ್ಲ.

ಸೈಟ್ ಮಾಡಿಸಿಕೊಟ್ಟವರು ಸುಧಕ್ಕ. ಮೈಸೂರಿನವರು, ಇಲ್ಲಿ ಬ್ಯಾಂಕಿನಲ್ಲಿ ಕೆಲಸ. ಬ್ಲೌಸ್ ಹೊಲಿಸಲು ಬಂದವರು ನನ್ನ ಕಥೆ ಓದಿ, ಇದು ಹತ್ತು ಜನಕ್ಕೆ ಸಿಗಬೇಕು ಎಂದು ಹಠ ಹಿಡಿದವರು. ಸೈಟ್ ಅವರ ಹೆಸರಿನಲ್ಲಿದೆ. ಸೈಟನ್ನು ತಮ್ಮ ಸರ್ವರಿನಲ್ಲಿ ಇಟ್ಟುಕೊಳ್ಳುವ ಹೋಸ್ಟಿಂಗ್ ಕಂಪನಿಯ ಮೇಲ್‌ಗಳೆಲ್ಲ ಅವರಿಗೇ ಹೋಗುತ್ತವೆ.

ಅವರಿಗೆ ಫೋನ್ ಮಾಡಿದೆ. ತಮ್ಮ ಮೇಲ್‌ಗಳನ್ನೆಲ್ಲ ಹುಡುಕಿ ನೋಡಿದರು.

"ಅಯ್ಯೋ, ಆ ಮೇಲ್ ನಾನೇ ಡಿಲೀಟ್ ಮಾಡ್ಬಿಟ್ಟಿದೀನಿ ಕಣೇ. ‘ನಿಮ್ಮ ಹಳೇ ಸರ್ವಿಸ್ ನಿಲ್ಲುತ್ತೆ, ಬೇಗ ಇಲ್ಲಿ ಒತ್ತಿ, ಹಣ ಉಳಿಸಿ’ ಅಂತ ಇತ್ತು. ದಿನಾ ಕೌಂಟರಲ್ಲಿ ಕೂತ್ಕೊಂಡು, ಇಂಥದ್ದನ್ನ ಒತ್ತಬೇಡಿ ಅಂತ ಜನಕ್ಕೆ ಬೈಯೋಳು ನಾನು. ಮೋಸದ್ದು ಅಂದ್ಕೊಂಡೆ."

ಮೋಸದ್ದಲ್ಲ, ನಿಜದ್ದೇ. ಕಂಪನಿಯವರು ಹಳೆಯ ಸರ್ವರ್ ಮುಚ್ಚಿ ಎಲ್ಲರನ್ನೂ ಹೊಸದಕ್ಕೆ ಸಾಗಿಸುತ್ತಿದ್ದರು. ಹೊಸದರಲ್ಲಿ ಖರ್ಚೂ ಕಡಿಮೆಯಂತೆ. ಒತ್ತಿದವರ ಸೈಟ್ ಹೊಸ ಕಡೆಗೆ ಹೋಯಿತು, ಒತ್ತದವರದು ನಿಂತುಹೋಯಿತು.

ಸಂಜೆ ಸುಧಕ್ಕ ಕಂಪನಿಯವರ ಜತೆ ಚಾಟ್ ಮಾಡಿದರು. ಮುಚ್ಚುವ ಮೊದಲು ತೆಗೆದಿಟ್ಟ ಒಂದು ಪ್ರತಿ ಇದೆ, ಸೋಮವಾರ ಸಂಜೆ ಅದನ್ನೂ ಅಳಿಸುತ್ತೇವೆ, ಮನವಿ ಹಾಕಿ, ಸರದಿಯ ಪ್ರಕಾರ ನೋಡುತ್ತೇವೆ ಎಂದು ಉತ್ತರ ಬಂತು. ಕೊನೆಯಲ್ಲಿ ಒಂದು ಡಿಸ್ಕೌಂಟ್ ಕೋಡ್.

ಮನವಿ ಹಾಕಿದೆವು. ಭಾನುವಾರ ರಾತ್ರಿಯಾದರೂ ಸರದಿ ಬರಲಿಲ್ಲ.

"ಹೋಗ್ಲಿ ಬಿಡೇ, ಮತ್ತೆ ಬರೀಬಹುದು. ತಲೆಯಲ್ಲಿ ಇದೆಯಲ್ಲ" ಎಂದರು ಸುಧಕ್ಕ. ಅವರಿಗೂ ಬೇಸರವಾಗಿತ್ತು.

ತಲೆಯಲ್ಲಿ ಇರುವುದಿಲ್ಲ. ಬ್ಲೌಸ್ ಆದರೆ ಅಳತೆ ಇಟ್ಟುಕೊಂಡು ಇನ್ನೊಂದು ಹೊಲಿಯಬಹುದು. ಕಥೆಗೆ ಅಳತೆ ಎಲ್ಲಿದೆ?

ನಾನೇ ಹೋಗುವುದೆಂದು ತೀರ್ಮಾನಿಸಿದೆ. ಕಂಪನಿಯ ಆಫೀಸು ತಿರುವನಂತಪುರದಲ್ಲಿ.

ಗುರುತಿಲ್ಲದವರ ಜತೆ ಫೋನಿನಲ್ಲಿ ನನಗೆ ಬಾಯಿಯೇ ಬರುವುದಿಲ್ಲ. ಆದರೆ ಎದುರು ಹೋಗಿ ಕೂತರೆ ಮಾತಾಡದೆಯೂ ಕೂತಿರಬಹುದಲ್ಲ.

ಸೋಮವಾರ ಬೆಳಗಿನ ರೈಲು ಹಿಡಿದೆ. ತಿರುವನಂತಪುರದ ತಂಪಾನೂರು ಸ್ಟೇಷನ್ನಿನಲ್ಲಿ ಇಳಿದು, ಲಾಡ್ಜುಗಳ ಸಾಲು ದಾಟಿ, ಕೇಳುತ್ತಾ ಕೇಳುತ್ತಾ ಆ ಕಟ್ಟಡ ಸಿಕ್ಕಿತು.

ಬಾಗಿಲ ಹತ್ತಿರ ಇದ್ದ ಸೆಕ್ಯುರಿಟಿ ಅಣ್ಣನಿಗೆ, ಇಲ್ಲಿಯ ಮಾತಿನಲ್ಲಿ ಚೇಟನಿಗೆ, ನಾನೊಂದು ಆಶ್ಚರ್ಯ. "ಕಸ್ಟಮರೋ? ಇವಿಡೆ ಕಸ್ಟಮರ್ ವರಾರಿಲ್ಲ, ಮೋಳೇ" ಎಂದರು. ಇಲ್ಲಿಗೆ ಕಸ್ಟಮರ್ ಬರುವ ಪದ್ಧತಿಯೇ ಇಲ್ಲ, ಮಗಳೇ, ಎಂದರ್ಥ. ಇರಬೇಕು, ಬಂದವರು ಕೂರಲು ಅಲ್ಲಿ ಒಂದು ಕುರ್ಚಿಯೂ ಇರಲಿಲ್ಲ. ಕೊನೆಗೆ ತಮ್ಮ ಸ್ಟೂಲನ್ನೇ ನನಗೆ ಕೊಟ್ಟರು.

ಒಳಗಿನಿಂದ ಶ್ರೀಜಿತ್ ಎಂಬವನು ಬಂದ. ನನ್ನಷ್ಟೇ ವಯಸ್ಸಿರಬೇಕು. ಎಲ್ಲ ಕೇಳಿಕೊಂಡು, ಹೊಸ ಪ್ಲಾನಿಗೆ ಒಳ್ಳೆಯ ರಿಯಾಯಿತಿ ಕೊಡುತ್ತೇವೆ ಎಂದ.

"ಎನಿಕ್ಕ್ ಓಫರ್ ವೇಂಡ. ಎಂಡೆ ಕಥ ಮದಿ." ಆಫರ್ ಬೇಡ, ನನ್ನ ಕಥೆ ಸಾಕು. ರೈಲಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದದ್ದು ಅಷ್ಟೇ.

ಅವನು ಒಳಗೆ ಹೋಗಿ ಬಂದ. ಇನ್ನೂ ದೊಡ್ಡ ರಿಯಾಯಿತಿ ತಂದಿದ್ದ. ನಾನು ಅದೇ ಮಾತು ಹೇಳಿದೆ. ಮತ್ತೆ ಹೋದ, ಬಂದ. ಈ ಸಲ ಒಂದು ವರ್ಷ ಪೂರ್ತಿ ಫ್ರೀ.

ನಾನು ಸ್ಟೂಲಿನ ಮೇಲೆ ಕೂತೇ ಇದ್ದೆ. ಬ್ಯಾಗನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

"ಈ ಹುಡುಗಿ ಏಳುವ ಹಾಗೆ ಕಾಣುವುದಿಲ್ಲ. ಅವಳದ್ದು ಅವಳಿಗೆ ಕೊಟ್ಟು ಕಳಿಸೋ. ನನಗೆ ನಿಂತು ಕಾಲು ನೋಯುತ್ತಿದೆ" ಎಂದರು ಸೆಕ್ಯುರಿಟಿ ಚೇಟ.

ಶ್ರೀಜಿತ್ ನಕ್ಕುಬಿಟ್ಟ. ಪ್ರತಿ ಹೊರಗೆ ತೆಗೆಯಬಹುದು, ಆದರೆ ಸೈಟ್ ಯಾರ ಹೆಸರಿನಲ್ಲಿದೆಯೋ ಅವರ ಫೋನಿಗೆ ಓಟಿಪಿ ಹೋಗುತ್ತದೆ, ಅದನ್ನು ಹೇಳಿ ಎಂದ.

ಸುಧಕ್ಕನಿಗೆ ಫೋನ್ ಮಾಡಿದೆ. ಓಟಿಪಿ ಎಂಬ ಮಾತು ಕಿವಿಗೆ ಬಿದ್ದದ್ದೇ ಅವರ ದನಿ ಬದಲಾಯಿತು.

"ಓಟಿಪಿನಾ? ಯಾರು ಮಾತಾಡ್ತಿರೋದು?"

"ನಾನು ಅಕ್ಕಾ."

"ಈಗೆಲ್ಲ ಗುರುತಿನವರ ದನೀನೂ ನಕಲು ಮಾಡ್ತಾರೆ. ನಾನು ಕೊನೇಲಿ ಹೊಲಿಸಿದ ಬ್ಲೌಸಿಗೆ ಯಾವ ಬಣ್ಣದ ಪೈಪಿಂಗು, ಹೇಳು."

"ಸಾಸಿವೆ ಬಣ್ಣ. ನೀವು ಬೇಡ ಹೇಳಿದ್ದಿರಿ, ನಾನು ಕೇಳದೆ ಹಾಕಿದ್ದೆ."

"ಹೂಂ, ನೀನೇ. ಈ ಹಠ ಇನ್ಯಾರಿಗೂ ಇಲ್ಲ. ಬರ್ಕೋ."

ಸ್ವಲ್ಪ ಹೊತ್ತಿನಲ್ಲಿ, ಶ್ರೀಜಿತ್ ಹೊರಗೆ ತಂದ ಲ್ಯಾಪ್‌ಟಾಪಿನ ಪರದೆಯ ಮೇಲೆ ನನ್ನ ಕಥೆಗಳ ಹೆಸರುಗಳು ಒಂದೊಂದಾಗಿ ಬಂದವು. ಅವನಿಗೆ ಕನ್ನಡ ಓದಲು ಬರುವುದಿಲ್ಲ. "ಎಲ್ಲ ಇದೆಯಾ ಚೇಚಿ?" ಎಂದು ಕೇಳಿದ, ನನ್ನನ್ನೂ ಅಕ್ಕ ಮಾಡಿಕೊಂಡು.

ಎಲ್ಲ ಇರಲಿಲ್ಲ.

ಅವರು ಪ್ರತಿ ತೆಗೆದಿಟ್ಟ ಮೇಲೆ ನಾನು ಬರೆದಿದ್ದ ಒಂದು ಕಥೆ ಅದರಲ್ಲಿ ಇಲ್ಲ. ಅದು ಎಲ್ಲಿಯೂ ಇಲ್ಲ.

ಅವನು ತಲೆ ತಗ್ಗಿಸಿ ಸಾರಿ ಹೇಳಿದ. ಈ ಸಲ ಡಿಸ್ಕೌಂಟಿನ ಮಾತು ಎತ್ತಲಿಲ್ಲ. ಉಳಿದ ಕಥೆಗಳನ್ನೆಲ್ಲ ಹೊಸ ಸೈಟಿಗೂ ಹಾಕಿ, ನನ್ನ ಫೋನಿಗೂ ಹಾಕಿಕೊಟ್ಟ. ಮುಂದೆ ನನ್ನ ಫೋನಿನಲ್ಲೇ ಪ್ರತಿ ಇಟ್ಟುಕೊಳ್ಳುವುದು ಹೇಗೆಂದು ಮಾಡಿ ತೋರಿಸಿದ. ನನಗೆ ಬರುವ ತನಕ ಮತ್ತೆ ಮತ್ತೆ ಮಾಡಿಸಿಕೊಂಡೆ, ನಾಚಿಕೊಳ್ಳಲಿಲ್ಲ.

ಈಗ ವಾಪಸು ರೈಲಿನಲ್ಲಿದ್ದೇನೆ. ಕಳೆದುಹೋದ ಕಥೆಯ ಮೊದಲ ಪುಟ ಮತ್ತೆ ಬರೆದಿದ್ದೇನೆ, ಮೊದಲಿನ ಹಾಗೆ ಬಂದಿಲ್ಲ. ಎರ್ನಾಕುಲಂ ಬರುವುದರೊಳಗೆ ಇನ್ನೊಂದು ಪುಟ ಆಗಲೇಬೇಕು.

ನೀವು ಬರೆದದ್ದೆಲ್ಲ ಈಗ ಯಾರ ಮನೆಯಲ್ಲಿದೆ, ಯಾವತ್ತಾದರೂ ವಿಚಾರಿಸಿದ್ದೀರಾ?